ಲೆಕ್ಕ ಬಾರದ ಕೆಮಿಸ್ಟು, ಮಾತು ಬಾರದ ರಿಪೋರ್ಟು



ಹಗಲೆಲ್ಲ ಪೀಣ್ಯದ ಪ್ಲೇಟಿಂಗ್ ಶಾಪಿನಲ್ಲಿ ದುಡಿದು, ಸಂಜೆ ಕಾಲೇಜಿಗೋ ದೂರ ಶಿಕ್ಷಣದ ಭಾನುವಾರದ ತರಗತಿಗೋ ಓಡುವ ಹುಡುಗ ಹುಡುಗಿಯರು ನಮ್ಮ ನಡುವೆ ಇದ್ದಾರೆ. ಬೊಮ್ಮಸಂದ್ರ, ಜಿಗಣಿಯ ಔಷಧ ಕಾರ್ಖಾನೆಗಳಲ್ಲಿ ಹೆಲ್ಪರ್ ಆಗಿದ್ದುಕೊಂಡೇ ಕೆಮಿಸ್ಟ್ರಿಗೆ ಫೀಸು ಕಟ್ಟಿದವರಿದ್ದಾರೆ. ಡ್ರಮ್ಮು ಉರುಳಿಸುವ ಕೆಲಸ ಬಿಟ್ಟು ಲ್ಯಾಬಿನ ಮೇಜಿಗೆ ಬರಬೇಕು, ಇಷ್ಟೇ ಅವರ ಆಸೆ. ಆದರೆ ನನಗೆ ಗೊತ್ತಿರುವ ಹಲವರು ಎರಡನೇ ವರ್ಷ ದಾಟಲಿಲ್ಲ. ದಾಟಿದವರಲ್ಲೂ ಕೆಲವರು ಇಂಟರ್‌ವ್ಯೂನಲ್ಲಿ ಮೂಕರಾಗಿ ಎದ್ದು ಬಂದರು.

ಯಾಕಪ್ಪಾ ಎಂದರೆ ಥಟ್ಟನೆ ಬರುವ ಉತ್ತರ: "ಇಂಗ್ಲಿಷು ಸಾರ್." ನಾವು ಹೋರಾಟದವರೂ ಈ ಉತ್ತರವನ್ನು ಬೇಗ ಒಪ್ಪಿಕೊಂಡುಬಿಡುತ್ತೇವೆ. ನಮಗೆ ಅನುಕೂಲವಾದ ಉತ್ತರ ಅದು! ಆದರೆ ಇದು ಅರ್ಧ ಸತ್ಯ. ನಮ್ಮ ಹುಡುಗರು ಎಡವುತ್ತಿರುವುದು ಎರಡು ಕಡೆ. ಒಂದು, ಲೆಕ್ಕ. ಇನ್ನೊಂದು, ಮಾಡಿದ್ದನ್ನು ಹೇಳುವ ಮಾತು. ಎರಡೂ ಕನ್ನಡದಲ್ಲೇ ಕಲಿಯಬಹುದಾದ ವಿದ್ಯೆಗಳು.

ಲೆಕ್ಕವನ್ನೇ ಮೊದಲು ನೋಡೋಣ. ಶೇಕಡಾ 98ರ ಗಂಧಕಾಮ್ಲದ ಬಾಟಲಿ ಎದುರಿಗಿದೆ. ಒಂದು ಮಿಲಿಲೀಟರ್ 1.84 ಗ್ರಾಂ ತೂಗುತ್ತದೆ. ಇದರಿಂದ 1 ಮೊಲಾರ್ ದ್ರಾವಣ ಒಂದು ಲೀಟರ್ ಮಾಡಬೇಕು. ಒಂದು ಲೀಟರ್ ಆಮ್ಲ 1840 ಗ್ರಾಂ. ಅದರಲ್ಲಿ ನಿಜವಾದ ಆಮ್ಲ ಶೇಕಡಾ 98, ಅಂದರೆ 1803 ಗ್ರಾಂ. ಒಂದು ಮೋಲಿಗೆ 98 ಗ್ರಾಂ, ಹಾಗಾಗಿ 18.4 ಮೋಲ್. ಸಾವಿರವನ್ನು 18.4ರಿಂದ ಭಾಗಿಸಿದರೆ ಸುಮಾರು 54 ಮಿಲಿಲೀಟರ್ ಬೇಕು. ಇಲ್ಲಿ ಯಾವ ದೊಡ್ಡ ಗಣಿತವಿದೆ ಸ್ವಾಮಿ? ಹೈಸ್ಕೂಲಿನ ಅನುಪಾತ, ಶೇಕಡಾ, ಭಾಗಾಕಾರ. ಇದನ್ನೇ ಸೂತ್ರ ಎಂದು ಬಾಯಿಪಾಠ ಮಾಡಿಸಿದ ಕೂಡಲೇ ಹುಡುಗ ಬೆವರುತ್ತಾನೆ. ಕ್ಯಾಲ್ಕುಲೇಟರ್ 540 ಎಂದು ತೋರಿಸಿದರೂ ಬರೆದುಕೊಳ್ಳುತ್ತಾನೆ.

ಪಿಎಚ್ ಕೂಡ ಹೀಗೆಯೇ. 5ರಿಂದ 3ಕ್ಕೆ ಇಳಿಯಿತು, ಎರಡೇ ಅಂಕಿ ತಾನೇ ಎನ್ನುವವರಿದ್ದಾರೆ. ಎರಡಲ್ಲ, ನೂರು ಪಟ್ಟು! ಒಂದೊಂದು ಅಂಕಿಗೆ ಹತ್ತು ಪಟ್ಟು ಹುಳಿ ಏರುತ್ತದೆ. ನಮ್ಮ ಆಫ್‌ಸೆಟ್ ಮೆಷಿನ್ನಿಗೆ ಹಾಕುವ ಫೌಂಟನ್ ನೀರು ಸಾಮಾನ್ಯವಾಗಿ 4.5ರಿಂದ 5.5ರ ಒಳಗಿರಬೇಕು. ಅದಕ್ಕಿಂತ ಹುಳಿಯಾದರೆ ಇಂಕು ಬೇಗ ಒಣಗುವುದಿಲ್ಲ. ಲಾಗ್ ಟೇಬಲ್ಲು ಕಂಡೇ ಇರದ ಮೆಷಿನ್‌ಮ್ಯಾನ್‌ಗೆ ಇದು ಗೊತ್ತು. ಕಾಲೇಜಿನ ಹುಡುಗನಿಗೆ ಲಾಗ್ ಗೊತ್ತು, ಹುಳಿ ಗೊತ್ತಿಲ್ಲ.

ದಶಾಂಶದ ಚುಕ್ಕೆ ಒಂದು ಮನೆ ಜಾರಿದರೆ ಏನಾಗುತ್ತದೆ? ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ತಿಳಿದದ್ದೇ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ. ಬೇರೆ ನೀರಿಲ್ಲದಿದ್ದರೆ 1.5 ಗಡಿ. 2.4 ಇರುವುದನ್ನು 0.24 ಎಂದು ಬರೆದು ಸಹಿ ಹಾಕಿದರೆ ಇಡೀ ಊರು ಆ ನೀರನ್ನು ನಂಬಿ ಕುಡಿಯುತ್ತದೆ. ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಮೂಳೆ ಸೆಟೆಯುತ್ತದೆ. ಮಾರ್ಕ್ಸ್ ಕಾರ್ಡಿನ ಅಂಕಿ ಬೇರೆ, ಈ ಅಂಕಿ ಬೇರೆ.

ಪ್ಲೇಟಿಂಗ್ ಶಾಪಿನ ಹುಡುಗರೇ, ನೀವು ದಿನವೂ ಈ ಲೆಕ್ಕ ಮಾಡುತ್ತಿದ್ದೀರಿ. ಆಂಪಿಯರ್ ಎರಡು ಪಟ್ಟು ಮಾಡಿದರೆ ಅಷ್ಟೇ ನಿಕಲ್ ಕೂರಲು ಅರ್ಧ ಹೊತ್ತು ಸಾಕು ಎಂಬುದು ನಿಮಗೆ ಕೈಯಳತೆಯಲ್ಲೇ ಗೊತ್ತು. 10 ಆಂಪಿಯರ್ ಒಂದು ಗಂಟೆ ಹರಿದರೆ, ಸೋರಿಕೆ ಬಿಟ್ಟು, ಸುಮಾರು 11 ಗ್ರಾಂ ನಿಕಲ್. ಇದೇ ಫ್ಯಾರಡೆ ನಿಯಮ! ಸಂಜೆ ತರಗತಿಯಲ್ಲಿ ಇದನ್ನೇ ಬೋರ್ಡಿನ ಮೇಲೆ ಬರೆದಾಗ ನಿಮ್ಮ ತೊಟ್ಟಿ ನಿಮಗೆ ನೆನಪಾಗುವುದಿಲ್ಲ. ಪಾಠ ಮಾಡುವವರೂ ನೆನಪಿಸುವುದಿಲ್ಲ. ಅಲ್ಲಿದೆ ಕೆಟ್ಟದ್ದು.

ಈ ಫ್ಯಾರಡೆ ಯಾರು? ಲಂಡನ್ನಿನ ಕಮ್ಮಾರನ ಮಗ. ಹದಿನಾಲ್ಕನೇ ವಯಸ್ಸಿಗೆ ಬುಕ್ ಬೈಂಡಿಂಗ್ ಅಂಗಡಿಗೆ ಸೇರಿದವನು, ನಮ್ಮ ಕಸುಬಿನವನು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿ ರಸಾಯನ ಕಲಿತ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಬರೆದುಕೊಂಡ ಟಿಪ್ಪಣಿಗೆ ತಾನೇ ಬೈಂಡಿಂಗ್ ಹಾಕಿ ಅವನಿಗೇ ಕಳಿಸಿದ. ಮರುವರ್ಷ ಅವನ ಲ್ಯಾಬಿಗೆ ಸಹಾಯಕನಾದ. ಗಣಿತ ಅವನಿಗೆ ಕೊನೆವರೆಗೂ ಅಷ್ಟಾಗಿ ಬರಲಿಲ್ಲ, ಆದರೆ ತೂಕ ಅಳತೆಯಲ್ಲಿ ಬಲು ಗಟ್ಟಿ. ಇನ್ನೊಂದು ವಿಷಯವನ್ನು ನಮ್ಮ ಮೇಷ್ಟ್ರುಗಳು ಹೇಳುವುದೇ ಇಲ್ಲ. ತನ್ನ ಮಾತು, ಬರಹ ಒರಟು ಎಂದು ಅವನಿಗೆ ಗೊತ್ತಿತ್ತು. ಗೆಳೆಯರ ಗುಂಪು ಕಟ್ಟಿಕೊಂಡು ಒಬ್ಬರ ಬರಹ ಒಬ್ಬರು ತಿದ್ದಿದರು. ದುಡ್ಡು ಕೊಟ್ಟು ಭಾಷಣ ಕಲೆಯ ಪಾಠಕ್ಕೂ ಹೋದ.

ನಮ್ಮಲ್ಲಿ ಹೇಗಿದೆ? ಪ್ರೆಸ್ಸಿಗೆ ಪ್ರಾಜೆಕ್ಟ್ ರಿಪೋರ್ಟುಗಳು ಬೈಂಡಿಂಗಿಗೆ ಬರುತ್ತವೆ. ಚಿನ್ನದ ಅಕ್ಷರ, ರೆಕ್ಸಿನ್ ರಟ್ಟು. ಒಳಗೆ ಯಾರದೋ ಇಂಗ್ಲಿಷು, ಒಂದೇ ಮುನ್ನುಡಿ ನಾಲ್ಕು ಹೆಸರಿನಲ್ಲಿ. "ಇದರಲ್ಲಿ ಏನು ಮಾಡಿದ್ದೀಯಪ್ಪಾ, ಕನ್ನಡದಲ್ಲಿ ಎರಡು ಮಾತು ಹೇಳು" ಎಂದರೆ ಹುಡುಗ ನೆಲ ನೋಡುತ್ತಾನೆ. ಕನ್ನಡದಲ್ಲಿ ಹೇಳಲಾಗದವನು ಇಂಗ್ಲಿಷಿನಲ್ಲಿ ಏನು ಹೇಳಿಯಾನು? ಅವನಿಗೆ ಕೊರತೆಯಾಗಿರುವುದು ಭಾಷೆಯಲ್ಲ, ವಿಷಯ.

ಮಾತು ಚೊಕ್ಕವಾಗಿರದಿದ್ದರೆ ಮಾರ್ಕ್ಸ್ ಮಾತ್ರ ಹೋಗುವುದಿಲ್ಲ. "ನೀರಿಗೆ ಆಮ್ಲ ಹಾಕು" ಎಂದರೆ ಕೆಲಸ. "ಆಮ್ಲಕ್ಕೆ ನೀರು ಹಾಕು" ಎಂದರೆ ಮುಖಕ್ಕೆ ಸಿಡಿಯುತ್ತದೆ. ವ್ಯತ್ಯಾಸ ಒಂದು ವಿಭಕ್ತಿ! ಶಿಫ್ಟು ಬದಲಾಗುವಾಗ ಬರೆದಿಡುವ ಎರಡು ಸಾಲು ತಪ್ಪಾದರೆ ಮುಂದಿನವನ ಕಣ್ಣು ಹೋದೀತು. ನಮ್ಮ ಪಂಡಿತರಿಗೂ ಒಂದು ಮಾತು: ಡೆನ್ಸಿಟಿಗೂ ಸಾಂದ್ರತೆ, ಕಾನ್ಸೆಂಟ್ರೇಷನ್ನಿಗೂ ಸಾಂದ್ರತೆ ಎಂದು ಬರೆದರೆ ಓದುವವನು ಏನು ಮಾಡಬೇಕು? 1918ರಲ್ಲೇ ಬೆಳ್ಳಾವೆ ವೆಂಕಟನಾರಾಯಣಪ್ಪನವರು 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿದ ನಾಡು ಇದು. ನೂರು ವರ್ಷ ದಾಟಿದ ಮೇಲೂ ಈ ಗೊಂದಲವೇ?

ಇಂಗ್ಲಿಷು ಬೇಡ ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯ ರಿಜಿಸ್ಟರು ಅದರಲ್ಲಿದೆ, ಕಲಿಯಲೇಬೇಕು. ಆದರೆ ಕ್ರಮ ಇರಲಿ. ಇಂದು ಮಾಡಿದ ಟೈಟ್ರೇಷನ್ನನ್ನು ರೂಮ್‌ಮೇಟಿಗೋ ಅಮ್ಮನಿಗೋ ಕನ್ನಡದಲ್ಲಿ ಐದು ವಾಕ್ಯದಲ್ಲಿ ಹೇಳಿ: ಏನು ಅಳೆದೆ, ಯಾಕೆ, ಎಷ್ಟು ಬಂತು, ಎಷ್ಟು ನಂಬಬಹುದು, ಮುಂದೇನು. ಆಮೇಲೆ ಅದೇ ಐದನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಅಂಕಿಯ ಪಕ್ಕ ಅಳತೆಯ ಹೆಸರು ಬರೆಯದೆ ಮುಂದೆ ಹೋಗಬೇಡಿ. ಕ್ಯಾಲ್ಕುಲೇಟರ್ ಒತ್ತುವ ಮುಂಚೆ ಉತ್ತರ ಹತ್ತರಲ್ಲಿದೆಯೋ ನೂರರಲ್ಲಿದೆಯೋ ಅಂದಾಜು ಮಾಡಿ. ಓವರ್‌ಟೈಮ್ ಮುಗಿಸಿ ಬಂದವರಿಗೆ ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. ಅಷ್ಟೇ ಸಾಕು.

ಸಂಜೆ ತರಗತಿ ನಡೆಸುವವರು ಮೊದಲ ತಿಂಗಳು ಪಾಠ ನಿಲ್ಲಿಸಿ ಅನುಪಾತ, ಅಳತೆ, ಲಾಗ್ ಹೇಳಿಕೊಡಲಿ, ಕನ್ನಡದಲ್ಲಿ ಹೇಳಿಕೊಡಲಿ. ನವೆಂಬರಿನಲ್ಲಿ ಮಾತ್ರ ಬಾಗಿಲು ತೆರೆಯುವ ನಮ್ಮ ಸಂಘದ ಕಚೇರಿಗಳು ಭಾನುವಾರ ಬೆಳಿಗ್ಗೆ ಈ ಹುಡುಗರಿಗೆ ತೆರೆದಿರಲಿ. ಒಂದು ಕರಿಹಲಗೆ, ನಾಲ್ಕು ಬೆಂಚು, ಲೆಕ್ಕ ಬಲ್ಲ ಒಬ್ಬ ನಿವೃತ್ತ ಮೇಷ್ಟ್ರು. ಬಾವುಟದ ಖರ್ಚಿಗಿಂತ ಕಡಿಮೆಯೇ ಆದೀತು. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಬಿಳಿ ಕಾಗದ ಧಾರಾಳವಾಗಿದೆ. ಹಾಗೆ ಕೂರುವ ಗುಂಪುಗಳಿಗೆ ರಫ್ ಪ್ಯಾಡ್ ಹೊಲಿದು ಇಟ್ಟಿರುತ್ತೇನೆ, ಬಂದು ಒಯ್ಯಿರಿ.