ನೆರಳು ಹುಡುಕಿಕೊಂಡು ಹೋದ ಬಳ್ಳಿ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕತೆ ಹೇಳುತ್ತೇನೆ. ತಾತ, ಅಜ್ಜಿಯರೂ ಪಕ್ಕದಲ್ಲಿ ಕೂತು ಕೇಳಲಿ. ಇಂಥ ತಪ್ಪು ಹೆಚ್ಚಾಗಿ ಮಾಡುವವರು ನಾವೇ.

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಐದನೇ ಕ್ಲಾಸು ಓದುತ್ತಾಳೆ. ಸಂಕ್ರಾಂತಿಗೆ ಮಧುಗಿರಿಗೆ ಬಂದಾಗ ಒಂದು ತೂಗುಕುಂಡ ತಂದಳು. ಅದರಲ್ಲಿ ಐವಿ ಬಳ್ಳಿ. ನಕ್ಷತ್ರದ ಹಾಗೆ ಮೂಲೆಮೂಲೆಯಾದ ಪುಟ್ಟ ಎಲೆಗಳು, ಕಡುಹಸಿರಿನ ಮೇಲೆ ತಿಳಿಬಣ್ಣದ ನರಗಳು. ನಾಲ್ಕು ಎಳೆಗಳು ಮೊಳದುದ್ದ ಇಳಿಬಿದ್ದಿದ್ದವು. ಇಂಗ್ಲೆಂಡಿನ ಹಳೇ ಮನೆಯೊಂದರ ಗೋಡೆ ತುಂಬ ಈ ಬಳ್ಳಿ ಹಬ್ಬಿದ ಚಿತ್ರ ಅವಳ ಪುಸ್ತಕದಲ್ಲಿತ್ತಂತೆ.

“ತಾತ, ನಮ್ಮ ಮನೆ ಗೋಡೆನೂ ಹಿಂಗೇ ಆಗ್ಬೇಕು. ಬೇಸಿಗೆ ರಜಕ್ಕೆ ಬಂದಾಗ ನೋಡ್ತೀನಿ” ಎಂದು ಹೇಳಿ ಊರಿಗೆ ಹೋದಳು.

ಬೀದಿಯಲ್ಲಿ ಹೋಗುವವರಿಗೂ ಕಾಣಲಿ ಎಂದು ನಾನು ಪಡುವಣ ಗೋಡೆಯ ಮೂಲೆಯಲ್ಲಿ ಅದನ್ನು ನೆಟ್ಟೆ. ಮೊಳೆ ಹೊಡೆದು, ದಾರ ಕಟ್ಟಿ, ಮೂರು ಎಳೆಗಳನ್ನು ಮೇಲಕ್ಕೆ ಹತ್ತಿಸಿದೆ. ನಾಲ್ಕನೆಯದಕ್ಕೆ ದಾರ ಸಾಲಲಿಲ್ಲ. ಅದನ್ನು ನೆಲದ ಮೇಲೇ ಬಿಟ್ಟೆ.

ನಮ್ಮೂರಿನ ಬೆಟ್ಟವೇ ಒಂದು ದೊಡ್ಡ ಬಂಡೆ ಎಂಬುದು ನಿಮಗೆ ಗೊತ್ತಿರಬಹುದು. ಶಿವರಾತ್ರಿ ಕಳೆಯಿತೆಂದರೆ ಹಗಲೆಲ್ಲ ಕಾದ ಕಲ್ಲು ಹೊತ್ತು ಮುಳುಗಿದ ಮೇಲೂ ಬಿಸಿ ಉಗುಳುತ್ತದೆ. ಪಡುವಣ ಗೋಡೆಯೂ ಹಾಗೇ. ಐವಿಯ ಎಲೆಗಳ ಮೇಲೆ ಸೂಜಿಯಲ್ಲಿ ಚುಚ್ಚಿದಂತೆ ಬಿಳಿ ಚುಕ್ಕೆ ಬಿದ್ದವು. ಎಲೆಯ ಅಡಿಯಲ್ಲಿ ತೆಳುವಾದ ಬಲೆ ಕಾಣಿಸಿತು. ಅದು ನುಸಿಯ ಕೆಲಸ. ಈ ನುಸಿ ಜೇಡನ ಬಂಧು. ಅದಕ್ಕೂ ಎಂಟು ಕಾಲು. ಒಣಗಾಳಿ, ಬಿಸಿಲು ಸಿಕ್ಕರೆ ಬೇಗ ಬೇಗ ಸಂಸಾರ ಬೆಳೆಸುತ್ತದೆ. ಇದು ಆಗ ನನಗೆ ಗೊತ್ತಿರಲಿಲ್ಲ. ನೀರು ಸಾಲದು ಎಂದುಕೊಂಡು ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ಸುರಿದೆ. ಮೇಲೆ ಎಲೆ ಒಣಗಿತು, ಕೆಳಗೆ ಬುಡ ಕೊಳೆಯಿತು.

ಭಾನುವಾರ ಭಾನುವಾರ ಫೋನು. “ತಾತ, ಎಷ್ಟು ಎತ್ತರ ಹೋಯ್ತು?”

“ಚೆನ್ನಾಗಿದೆ ಪುಟ್ಟಿ” ಅಂದೆ. ಆಗ ಎಲೆಗೆ ಚುಕ್ಕೆ ಬಿದ್ದಿತ್ತು. ಎಲೆಗಳು ಅರ್ಧ ಉದುರಿದ ಮೇಲೂ ಹಾಗೇ ಅಂದೆ. ಕೊನೆಗೆ ಗೋಡೆಯ ಮೇಲೆ ಒಣಕಡ್ಡಿ, ದಾರ ಮಾತ್ರ ಉಳಿದಿತ್ತು. ಆಗಲೂ “ಚೆನ್ನಾಗಿದೆ” ಎಂದೇ ಅಂದೆ.

“ಮಗು ಹತ್ರ ಯಾಕ್ರೀ ಸುಳ್ಳು ಹೇಳ್ತೀರಿ?” ಎಂದಳು ನನ್ನ ಹೆಂಡತಿ.

“ರಜ ಬರೋದ್ರೊಳಗೆ ಅಂಥದ್ದೇ ಇನ್ನೊಂದು ತಂದು ನೆಟ್ಟರಾಯ್ತು ಬಿಡು” ಅಂದೆ. ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಲೆಕ್ಕ ಸರಿಹೋಗುವ ತನಕ ಕುರ್ಚಿ ಬಿಟ್ಟು ಏಳದವನು ನಾನು!

ಇನ್ನೊಂದು ತರುವುದರೊಳಗೆ ಅವಳೇ ಬಂದುಬಿಟ್ಟಳು. ಚೀಲ ಇಳಿಸಿದವಳೇ ಗೋಡೆಯ ಹತ್ತಿರ ಓಡಿದಳು. ‘ಮೊನ್ನೆ ತನಕ ಚೆನ್ನಾಗಿತ್ತು’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಅದನ್ನು ನುಂಗಿಕೊಂಡೆ. “ಒಣಗಿ ಬಹಳ ದಿನ ಆಯ್ತು ಪುಟ್ಟಿ. ನಾನೇ ಸುಳ್ಳು ಹೇಳಿದೆ” ಅಂದೆ.

“ಹೇಳ್ಬೇಕಿತ್ತು ತಾತ” ಎಂದಳು. ಅಷ್ಟೇ. ಆ ಹೊತ್ತು ನನಗೆ ಊಟ ಸೇರಲಿಲ್ಲ.

ಸಂಜೆ ಒಣಕಡ್ಡಿಗಳನ್ನು ಕೀಳಲು ಹೊರಟಾಗ ಅವಳು ತಡೆದಳು. “ನಾಲ್ಕು ಎಳೆ ಇತ್ತಲ್ಲ ತಾತ? ಇಲ್ಲಿ ಮೂರೇ ಇದೆ.”

ನಾಲ್ಕನೆಯದನ್ನು ಹುಡುಕಿಕೊಂಡು ಹೋದೆವು. ಅದು ನೆಲದ ಮೇಲೆ ತೆವಳುತ್ತ, ಮೂಲೆ ತಿರುಗಿ, ನೀರಿನ ತೊಟ್ಟಿಗೂ ಬಡಗಣ ಗೋಡೆಗೂ ನಡುವಿನ ಸಂದಿ ಸೇರಿತ್ತು. ಅಲ್ಲಿ ಬಿಸಿಲಿಲ್ಲ, ತೊಟ್ಟಿಯಿಂದ ಜಿನುಗುವ ತೇವವಿದೆ. ಗಿಣ್ಣುಗಿಣ್ಣಿಗೂ ಮಣ್ಣಿಗೆ ಬೇರು ಬಿಟ್ಟು ಒಂದು ಚಾಪೆಯಷ್ಟಗಲ ಹಸಿರಾಗಿ ಹರಡಿತ್ತು. ತಾಯಿಬುಡ ಸತ್ತರೂ ಇದಕ್ಕೆ ತನ್ನದೇ ಬೇರಿತ್ತು.

ಹೆಚ್ಚಿನ ಗಿಡಗಳ ಕುಡಿ ಬೆಳಕಿನ ಕಡೆಗೆ ಬಾಗುತ್ತದೆ ಎಂದು ನೀವು ಓದಿದ್ದೀರಿ. ಎಳೆಯ ಐವಿ ಹಾಗಲ್ಲ, ಕತ್ತಲೆಯ ಕಡೆಗೆ ಹೋಗುತ್ತದೆ. ಅದು ಕಾಡಿನ ಬಳ್ಳಿ. ಕಾಡಿನಲ್ಲಿ ಕತ್ತಲೆ ಇರುವ ಕಡೆ ಹತ್ತಲು ಒಂದು ಮರ ಇದ್ದೀತು ಎಂಬುದು ಅದರ ಲೆಕ್ಕ. ಮರ ಹತ್ತಿ ವಯಸ್ಸಾದ ಮೇಲೆ ಬೆಳಕಿನಲ್ಲಿ ಹೂ ಬಿಡುತ್ತದೆ. ಆಗ ಹೊಸ ಎಲೆಗಳಿಗೆ ಮೂಲೆಗಳೂ ಇರುವುದಿಲ್ಲ. ಯೂರೋಪಿನ ತಂಪು ನಾಡು ಇದರ ತವರು. ನಮ್ಮ ಹಿಮಾಲಯದ ಕಾಡುಗಳಲ್ಲೂ ಇದರ ದಾಯಾದಿಯೊಂದಿದೆ.

ನನ್ನ ಹೆಂಡತಿ ಬಂದು ನೋಡಿ ನಕ್ಕಳು. “ಇದು ನಮ್ಮ ಎಲೆಬಳ್ಳಿ ಇದ್ದಂಗೇ ಐತಲ್ಲ! ಎಲೆಬಳ್ಳೀನ ಯಾರಾದ್ರೂ ಬಿಸಿಲು ಗೋಡೆಗೆ ಹಬ್ಬಿಸ್ತಾರೇನ್ರೀ?”

ಅವಳ ಮಾತು ನಿಜ. ಅವರೆ ಬಳ್ಳಿ ಕೋಲನ್ನು ಸುತ್ತಿಕೊಂಡು ಹತ್ತುತ್ತದೆ. ಹಾಗಲ ಬಳ್ಳಿ ಸ್ಪ್ರಿಂಗಿನಂಥ ಎಳೆಯಿಂದ ಹಿಡಿದು ಹತ್ತುತ್ತದೆ. ವೀಳ್ಯದೆಲೆ ಮತ್ತು ಐವಿ ಹತ್ತುವುದು ಗಿಣ್ಣಿನ ಬೇರಿನಿಂದ. ಎಲೆತೋಟದಲ್ಲಿ ಅಗಸೆ ಮರದ ನೆರಳಿಗೆ ಎಲೆಬಳ್ಳಿ ಹಬ್ಬಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಇಂಗ್ಲಿಷ್ ಹೆಸರಿನ ಬಳ್ಳಿ ಕಂಡೊಡನೆ ಅದೆಲ್ಲ ಮರೆತೆ.

ಆಮೇಲೆ ನಾವಿಬ್ಬರೂ ಸೇರಿ ಮಾಡಿದ್ದು ಇಷ್ಟು. ಗೇಣಿಗಿಂತ ಚಿಕ್ಕ ತುಂಡುಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಂದೆರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟೆವು. ಕೆಮ್ಮಣ್ಣು, ಮರಳು, ಹಳೇ ಗೊಬ್ಬರ ಬೆರೆಸಿದ್ದೆವು. ಬೆರಳು ಚುಚ್ಚಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ನುಸಿ ಸೇರದಂತೆ ಆಗಾಗ ಎಲೆಯ ಅಡಿಗೂ ನೀರು ಚಿಮುಕಿಸಿದೆವು. ಬೇರು ಹಿಡಿದ ಮೇಲೆ ಹೊಂಗೆ ಮರದಡಿಯ ಬರಿನೆಲಕ್ಕೆ ಹಾಕಿದೆವು. ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಮಣ್ಣು ಕಾಣದಂತೆ ಹಬ್ಬಿತು. ಬೀದಿ ಗೋಡೆಗೆ ತಂತಿ ಕಟ್ಟಿ ಬಿಸಿಲಿಗೆ ಜಗ್ಗದ ಅಮೃತಬಳ್ಳಿ ಬಿಟ್ಟೆವು.

ಮೂರು ಎಚ್ಚರಿಕೆ. ಐವಿಯ ಎಲೆ, ಹಣ್ಣು ವಿಷ, ಬಾಯಿಗೆ ಹಾಕಬಾರದು. ರಸ ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ, ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಬಿರುಕು ಬಿಟ್ಟ ಹಳೇ ಗೋಡೆಗೆ ಹಬ್ಬಿಸಬೇಡಿ, ಬೇರು ಬಿರುಕಿನೊಳಗೆ ಹೋಗುತ್ತದೆ. ತಂಪು ಊರಿನವರು ವರ್ಷವರ್ಷವೂ ಕತ್ತರಿಸಿ ಹದ್ದಿನಲ್ಲಿಡಬೇಕು. ಅಮೆರಿಕದ ಆರಿಗನ್ ರಾಜ್ಯದಲ್ಲಿ ಇದು ಕಾಡನ್ನೇ ಮುಚ್ಚಿ ಕಳೆಯಾಗಿದೆ. ಅಲ್ಲಿ ಇದನ್ನು ಮಾರುವಂತಿಲ್ಲ. ಇಲ್ಲಿ ಉಳಿಯಲು ಒದ್ದಾಡುವುದು ಅಲ್ಲಿ ಪುಂಡ!

ಈಗಲೂ ಭಾನುವಾರ ಫೋನು ಬರುತ್ತದೆ. ಕಳೆದ ವಾರ “ಎರಡು ತುಂಡು ಒಣಗಿದವು ಪುಟ್ಟಿ” ಅಂದೆ. “ನೀರು ಜಾಸ್ತಿ ಹಾಕಿದ್ಯಾ ತಾತ?” ಎಂದು ಗದರಿದಳು.

ಹೌದು, ಹಾಕಿದ್ದೆ. ಹಾಗೆಂದೇ ಹೇಳಿದೆ.