ಸುರುಳಿ ಕಿತ್ತು ಹಾಕಿದೆ, ಹಾಸನವೂ ಹೋಯ್ತು

"ಲೇಔಟ್ ಮಾಡ್ತಾ ಇದೀನಿ" ಅಂದ್ರೆ ನಮ್ಮ ಹಾಸನದಲ್ಲಿ ಎಲ್ರೂ ಕೇಳೋದು ಒಂದೇ ಪ್ರಶ್ನೆ. "ಚದರಡಿ ಎಷ್ಟು?"

ನನ್ನ ಲೇಔಟಿನ ಚದರಡಿ 120. ತಾರಸಿ ಮೇಲಿನ ಹತ್ತು-ಹನ್ನೆರಡರ ಶೀಟಿನ ಕೋಣೆ. ಅದರಲ್ಲಿ ಓಡುವುದು ರೈಲು. ಆಟಿಕೆ ರೈಲು ಅಂದರೆ ನಮ್ಮ ಹವ್ಯಾಸದವರಿಗೆ ಸಿಟ್ಟು ಬರುತ್ತದೆ, ಮಾದರಿ ರೈಲು ಅನ್ನಬೇಕಂತೆ. ನನ್ನ ಹೆಂಡತಿ ಆಟಿಕೆ ಅಂತಲೇ ಅನ್ನುತ್ತಾಳೆ. ಬಿಲ್ಲು ನೋಡಿದ ದಿನ ಮಾತ್ರ ಏನೂ ಅನ್ನುವುದಿಲ್ಲ, ಅದು ಇನ್ನೂ ಕಷ್ಟ :-)

ಈಗ ವಿಷಯಕ್ಕೆ ಬರ್ತೀನಿ. ಈ ಹವ್ಯಾಸ ಹಿಡಿದವರಿಗೆಲ್ಲ ಯಾವಾಗಲೋ ಒಮ್ಮೆ "ಇನ್ನೊಂದು ಮಹಡಿ" ಅನ್ನುವ ಜ್ವರ ಬರುತ್ತದೆ. ಜಾಗ ಸಾಲುವುದಿಲ್ಲ, ಸರಿ, ಕೆಳಗೊಂದು ಅಂತಸ್ತು, ಮೇಲೊಂದು ಅಂತಸ್ತು ಕಟ್ಟೋಣ ಅಂತ. ನನಗೂ ಬಂತು. ಎರಡು ವರ್ಷ, ಲೆಕ್ಕ ಹೇಳಲಾಗದಷ್ಟು ದುಡ್ಡು ಮತ್ತು ಒಂದು ಮಳೆಗಾಲ ಪೂರ್ತಿ ತಿಂದು ಬಿಟ್ಟಿತು. ನನ್ನ ತಕರಾರು ಇಷ್ಟೇ: ನಮ್ಮಂಥ ಮನೆಯ ಕೋಣೆಗೆ ಎರಡನೇ ಮಹಡಿ ಬೇಡ. ಅದರಲ್ಲೂ ಘಾಟಿಯ ರೈಲು ಕಟ್ಟುವವರಿಗೆ ಖಂಡಿತಾ ಬೇಡ.

ನಾನು ಕಟ್ಟಲು ಹೊರಟಿದ್ದು ಸಕಲೇಶಪುರ - ಸುಬ್ರಹ್ಮಣ್ಯ ರೋಡ್ ಘಾಟಿ. 55 ಕಿ.ಮೀ., 57 ಸುರಂಗ, 109 ಸೇತುವೆ, 50ಕ್ಕೆ 1ರ ಏರು. ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಅಪ್ಪ ಅಲ್ಲಿ ಮೀಟರ್ ಗೇಜ್ ಕಾಲದಲ್ಲಿ ಗ್ಯಾಂಗಿನಲ್ಲಿದ್ದವರು. 1979ರಲ್ಲಿ ಹಾಸನ - ಮಂಗಳೂರು ಲೈನು ಪೂರ್ತಿಯಾದಾಗಿನಿಂದ, ಬ್ರಾಡ್ ಗೇಜ್ ಮಾಡಲಿಕ್ಕೆ ಅಂತ ತೊಂಬತ್ತರ ದಶಕದಲ್ಲಿ ಮುಚ್ಚುವ ತನಕ. ಮಳೆಗಾಲದಲ್ಲಿ ರಾತ್ರಿ ಲಾಟೀನು ಹಿಡಿದು, ಕಲ್ಲು ಬಿದ್ದಿದೆಯಾ, ಮಣ್ಣು ಕುಸಿದಿದೆಯಾ ಅಂತ ನೋಡುತ್ತಾ ಹಳಿ ಮೇಲೆ ನಡೆಯುವ ಕೆಲಸ. 2007ರ ಡಿಸೆಂಬರಿನಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ಶುರುವಾದಾಗ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಸುರಂಗ ಬಂದಾಗಲೆಲ್ಲ ಹುಡುಗರು ಕೂಗುತ್ತಿದ್ದರೆ, ಅಪ್ಪ ಕಿಟಕಿಯಲ್ಲಿ ಬೆರಳು ಮಡಚಿ ಎಣಿಸುತ್ತಾ ಕೂತಿದ್ದರು. ಈಗ ಮಂಡಿನೋವು, ಬಸ್ಸು ರೈಲು ಹತ್ತುವುದು ಆಗುವುದಿಲ್ಲ. ತಾರಸಿ ಮೆಟ್ಟಿಲು ಮಾತ್ರ ನಿಧಾನಕ್ಕೆ ಹತ್ತುತ್ತಾರೆ.

ನನ್ನದು ಎಚ್‌ಓ ಅಳತೆ, 87ಕ್ಕೆ 1. (ಹಳಿ ಅಗಲ 16.5 ಮಿ.ಮೀ. 87ರಿಂದ ಗುಣಿಸಿದರೆ 1435, ಅದು ಯುರೋಪು ಅಮೆರಿಕದ ಗೇಜು. ನಮ್ಮ 1676ಕ್ಕೆ 19 ಮಿ.ಮೀ.ಗಿಂತ ಜಾಸ್ತಿ ಬೇಕು. ಹಾಗಾಗಿ ನಮ್ಮ ಇಂಜಿನ್ನು ಎಚ್‌ಓ ಹಳಿ ಮೇಲೆ ನಿಂತರೆ ದಪ್ಪ ಮೈಗೆ ಸಣಕಲು ಕಾಲು ಇಟ್ಟ ಹಾಗೆ ಕಾಣುತ್ತೆ. ಇದನ್ನು ನೋಡಿಯೂ ನೋಡದ ಹಾಗೆ ಇರುವುದೇ ಈ ಹವ್ಯಾಸದ ಮೊದಲ ಪಾಠ.) ಆ 55 ಕಿ.ಮೀ. ಅನ್ನು ಇದೇ ಅಳತೆಯಲ್ಲಿ ಹಾಕಿದರೆ 630 ಮೀಟರ್ ಚಿಲ್ಲರೆ ಆಗುತ್ತದೆ. ನನ್ನ ಕೋಣೆಯ ಸುತ್ತಳತೆ 13 ಮೀಟರ್!

ಅದಕ್ಕೇ ಮಹಡಿ. ಅಮೆರಿಕದ ಪುಸ್ತಕಗಳಲ್ಲಿ ಇದಕ್ಕೆ ದಾರಿ ತೋರಿಸಿದ್ದಾರೆ. ಟೋನಿ ಕೋಸ್ಟರ್ ಅನ್ನುವವರು 2008ರಲ್ಲಿ ಬಹುಮಹಡಿ ಲೇಔಟುಗಳ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ, ಒಳ್ಳೆಯ ಪುಸ್ತಕ. ಅದನ್ನು ಓದಿ ಕೆಳಗಿನ ಅಂತಸ್ತು ನೆಲದಿಂದ 95 ಸೆಂ.ಮೀ., ಮೇಲಿನದು 140 ಅಂತ ಇಟ್ಟುಕೊಂಡೆ. ಕೆಳಗೆ ಸುಬ್ರಹ್ಮಣ್ಯ ರೋಡ್, ಮೇಲೆ ಸಕಲೇಶಪುರದಿಂದ ನಮ್ಮ ಹಾಸನ ಸ್ಟೇಷನ್ ತನಕ. ನಡುವೆ 45 ಸೆಂ.ಮೀ. ಹತ್ತಬೇಕು. ಅದಕ್ಕೆ ಹೀಲಿಕ್ಸ್, ಅಂದರೆ ಸುರುಳಿ. ಮಾಲ್‌ಗಳ ಪಾರ್ಕಿಂಗಿನಲ್ಲಿ ಕಾರು ಸುತ್ತಿ ಸುತ್ತಿ ಮೇಲೆ ಹೋಗುತ್ತದಲ್ಲ, ಅದೇ.

ಲೆಕ್ಕ ನೋಡಿ. ಒಂದು ಸುತ್ತಿನ ಕೆಳಗೆ ಇನ್ನೊಂದು ಸುತ್ತು ಬರುವುದರಿಂದ ಪ್ಲೈವುಡ್ ದಪ್ಪವೂ ಸೇರಿ ಸುತ್ತಿಗೆ 9 ಸೆಂ.ಮೀ. ಏರಬೇಕು, ಇಲ್ಲದಿದ್ದರೆ ಬೋಗಿಯ ತಲೆ ತಾಗುತ್ತದೆ. 50ಕ್ಕೆ 1ರ ಏರಿನಲ್ಲಿ 9 ಸೆಂ.ಮೀ. ಹತ್ತಲು ನಾಲ್ಕೂವರೆ ಮೀಟರ್ ಹಳಿ. ಅಷ್ಟನ್ನು ಗುಂಡಗೆ ಬಾಗಿಸಿದರೆ ಅಡ್ಡಳತೆ ಹತ್ತಿರ ಹತ್ತಿರ ಒಂದೂವರೆ ಮೀಟರ್. ಕೋಣೆಯ ಐದನೇ ಒಂದು ಭಾಗ ಅಲ್ಲಿಗೇ ಢಮಾರ್. ಸಣ್ಣದು ಮಾಡೋಣ ಅಂದ್ರೆ ಏರು ಕಡಿದಾಗುತ್ತದೆ. ಜೊತೆಗೆ ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿಕೊಂಡು ಎಳೆತ ಇನ್ನೂ ಹೆಚ್ಚು, ನೂರಕ್ಕೆ ಎರಡರ ಏರು ಇಂಜಿನ್ನಿಗೆ ಮೂರರ ಹಾಗೆ ಭಾರ. ನಿಜವಾದ ಬ್ರಾಡ್ ಗೇಜಿನ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರ್, ನಮ್ಮ ಅಳತೆಯಲ್ಲಿ ಎರಡು ಮೀಟರ್. ನನ್ನ ಸುರುಳಿಯದ್ದು ಮುಕ್ಕಾಲು ಮೀಟರೂ ಇಲ್ಲ!

ಆದರೂ ಕಟ್ಟಿದೆ. ಹನ್ನೆರಡು ಮಿ.ಮೀ. ಪ್ಲೈವುಡ್ಡು, ಜಿಗ್‌ಸಾ, ಉದ್ದನೆ ಥ್ರೆಡ್ ರಾಡು, ನೂರಾರು ನಟ್ಟು. ಐದು ಸುತ್ತು. ಆಷಾಢದ ಥಂಡಿಗೆ ಪ್ಲೈವುಡ್ ಉಬ್ಬಿ ಒಂದೊಂದು ಜಾಯಿಂಟೂ ಒಂದೊಂದು ಕಥೆ ಹೇಳತೊಡಗಿತು. ಒಂದು ದಿನ ನಾಲ್ಕನೇ ಸುತ್ತಿನಲ್ಲಿ ಕೊಂಡಿ ಕಳಚಿ ಮೂರು ವ್ಯಾಗನ್ನು ಹಿಂದಕ್ಕೆ ಹೊರಟವು. ಟರ್ರ್ ಅಂತ ಸದ್ದು ಮಾತ್ರ ಕೇಳಿಸುತ್ತಿದೆ, ಕಾಣಿಸುವುದಿಲ್ಲ. ಕೈ ಹಾಕೋಣ ಅಂದ್ರೆ ಸುತ್ತಿನ ನಡುವೆ ಮುಷ್ಟಿ ತೂರುವುದಿಲ್ಲ. ಬಗ್ಗಿ ಸುರುಳಿಯ ಹೊಟ್ಟೆಯೊಳಗೆ ಹೋಗುವಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ನಿಜವಾದ ಘಾಟಿಯಲ್ಲಿ ಹೀಗೆ ಓಡಿ ಬರುವ ಗಾಡಿಗೆ ಕ್ಯಾಚ್ ಸೈಡಿಂಗ್ ಇರುತ್ತದೆ. ಸುರುಳಿಯಲ್ಲಿ ಅದನ್ನು ಎಲ್ಲಿ ಇಡುವುದು?

ಇಷ್ಟಕ್ಕೂ ನಾನು ಬಗ್ಗಿರಲಿಲ್ಲ. ಬಗ್ಗಿದ್ದು ಅಪ್ಪ ಮೇಲೆ ಬಂದ ದಿನ.

ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ ಸುಬ್ರಹ್ಮಣ್ಯದಿಂದ ಗೂಡ್ಸ್ ಬಿಟ್ಟೆ. ಗಂಟೆಗೆ 30 ಕಿ.ಮೀ. ಅಂದುಕೊಂಡರೆ ನಮ್ಮ ಅಳತೆಯಲ್ಲಿ ಸೆಕೆಂಡಿಗೆ 9-10 ಸೆಂ.ಮೀ. ಗಾಡಿ ಸುರುಳಿಗೆ ಹೊಕ್ಕಿತು. ಇಪ್ಪತ್ತೆರಡೂವರೆ ಮೀಟರ್ ಹತ್ತಲು ನಾಲ್ಕು ನಿಮಿಷ. ಅಪ್ಪ ಕಾದರು. ನಾನೂ ಕಾದೆ. ಆಮೇಲೆ ಕೇಳಿದರು, "ಎಲ್ಲೋ ಹೋಯ್ತು ಗಾಡಿ?"

"ಘಾಟಿ ಹತ್ತತಾ ಇದೆ ಅಪ್ಪ."

"ಅದೇ ನೋಡೋಕೆ ತಾನೆ ನಾನು ಮೇಲೆ ಬಂದಿದ್ದು?"

ಕೊನೆಗೆ ಮೇಲಿನ ಅಂತಸ್ತಿಗೆ ಬಂತು. ಆದರೆ ಕುರ್ಚಿಯಲ್ಲಿ ಕೂತವರ ಕಣ್ಣಿಗೆ 140ರ ಎತ್ತರದಲ್ಲಿ ಕಾಣುವುದು ಪ್ಲೈವುಡ್ಡಿನ ತಳ, ಅದಕ್ಕೆ ಜೋತುಬಿದ್ದ ವೈರುಗಳು, ಅಷ್ಟೇ.

ಗೆಳೆಯರೊಬ್ಬರು ವಾದ ಮಾಡಿದರು: "ನಿಜವಾದ ಘಾಟಿಯಲ್ಲೂ 57 ಸುರಂಗ ಇದೆಯಲ್ಲ, ಅಲ್ಲೂ ಗಾಡಿ ಕಾಣಲ್ಲ". ಸ್ವಾಮೀ, ಅಲ್ಲಿ ಕತ್ತಲೆ ಮುಗಿದರೆ ಸೇತುವೆ, ಸೇತುವೆ ಮುಗಿದರೆ ಕತ್ತಲೆ. ನಾಲ್ಕು ನಿಮಿಷ ಪೆಟ್ಟಿಗೆಯೊಳಗೆ ಗಿರಗಿರ ತಿರುಗುವುದಕ್ಕೂ ಅದಕ್ಕೂ ಏನು ಸಂಬಂಧ? ಆ ಪುಸ್ತಕಗಳು ಬರೆದಿರುವುದು ನೆಲಮಾಳಿಗೆ ಇರುವ ಮನೆಯವರಿಗೆ. ಅವರಿಗೆ ಹತ್ತು ಸ್ಟೇಷನ್ನು, ಐದಾರು ಜನ ಸೇರಿ ಟೈಂ ಟೇಬಲ್ ಹಿಡಿದು ಓಡಿಸುವ ಆಟ, ಅದಕ್ಕೆ ಉದ್ದ ಬೇಕು. ಅಲ್ಲಿ ಸುರುಳಿಗೆ ಅರ್ಥ ಇದೆ. ನಾನು ಓಡಿಸುವವನು ಒಬ್ಬ, ನೋಡುವವರು ಒಬ್ಬರು. ಉದ್ದ ಸಿಗುತ್ತೆ ಅಂತ ಆಸೆಬಿದ್ದು, ಸಿಕ್ಕ ಉದ್ದವನ್ನೆಲ್ಲ ಕಾಣದ ಜಾಗದಲ್ಲಿ ಖರ್ಚು ಮಾಡಿದ್ದೆ. ಏರುವುದೇ ನೋಡಬೇಕಾದ್ದು, ಅದನ್ನೇ ಮುಚ್ಚಿಟ್ಟಿದ್ದೆ.

ಎರಡು ಭಾನುವಾರದಲ್ಲಿ ಕಿತ್ತೆ. (ಥ್ರೆಡ್ ರಾಡುಗಳು ಈಗ ಬಟ್ಟೆ ಒಣಗಿಸಲು ಉಪಯೋಗವಾಗುತ್ತಿವೆ. ಹೆಂಡತಿಗೆ ಈ ಹವ್ಯಾಸದಿಂದ ಸಿಕ್ಕ ಮೊದಲ ಲಾಭ.) ಈಗ ಹಳಿ ಗೋಡೆಗುಂಟ ಕೋಣೆಯನ್ನು ಒಂದೂವರೆ ಸುತ್ತು ಹಾಕುತ್ತದೆ. ಸ್ಟೇಷನ್ನುಗಳ ಸಮತಟ್ಟು ಬಿಟ್ಟರೆ 12 ಮೀಟರ್ ಏರು, 24 ಸೆಂ.ಮೀ. ಎತ್ತರ. ಬಾಗಿಲಿಗೆ ಎತ್ತಿಡುವ ಸೇತುವೆ. ಎರಡನೇ ಸುತ್ತಿನ ಹಳಿ ಮೊದಲನೆಯದರ ಮೇಲೆ ಬರುವುದಿಲ್ಲ, ಅದರ ಹಿಂದೆ, ಗೋಡೆಗೆ ಒತ್ತಿಕೊಂಡು ಗುಡ್ಡದ ಮೇಲೆ ಬರುತ್ತದೆ. ಗುಡ್ಡ ಅಂದರೆ ಥರ್ಮಾಕೋಲ್, ಹಳೇ ಪೇಪರು, ಮೈದಾ ಅಂಟು, ಮೇಲೆ ಒಣಗಿಸಿದ ಕಾಫಿ ಚರಟ. ಮಲೆನಾಡಿನ ಮಣ್ಣಿನ ಬಣ್ಣಕ್ಕೆ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ, ಪರಿಮಳ ಬೇರೆ. ಎಡಕುಮೇರಿಯಲ್ಲಿ ಗಾಡಿ ನಿಲ್ಲುತ್ತದೆ, ಕ್ಯಾಚ್ ಸೈಡಿಂಗೂ ಇದೆ, ಕೊನೆಯಲ್ಲಿ ಮರಳಿನ ಗುಡ್ಡೆ. ಹಿಂದಿನಿಂದ ತಳ್ಳಲು ಇನ್ನೊಂದು ಇಂಜಿನ್. ಮೊದಲಿಂದ ಕೊನೆ ತನಕ ಎರಡೂವರೆ ನಿಮಿಷ, ಎರಡು ಮೂರು ಗಿಡ್ಡ ಸುರಂಗ ಬಿಟ್ಟರೆ ಎಲ್ಲವೂ ಕುರ್ಚಿಯಿಂದ ಕಾಣುತ್ತದೆ.

ಹೋಗಿದ್ದು ಹಾಸನ. ಅದಕ್ಕೆ ಜಾಗ ಉಳಿಯಲಿಲ್ಲ, ಲೈನು ಸಕಲೇಶಪುರಕ್ಕೇ ಮುಗಿಯುತ್ತದೆ. ಹಾಸನದಲ್ಲಿ ಕೂತು ಹಾಸನವೇ ಇಲ್ಲದ ರೈಲು ಕಟ್ಟಿದ್ದಾನೆ ಅಂತ ಮನೆಯಲ್ಲಿ ನಗುತ್ತಾರೆ. ನನಗೂ ಬೇಜಾರಿದೆ, ಸುಳ್ಳು ಯಾಕೆ ಹೇಳಲಿ. ಆ ಸ್ಟೇಷನ್ ಕಟ್ಟಡದ ಅಳತೆಯನ್ನು ಹೆಜ್ಜೆ ಹಾಕಿ ಬರೆದುಕೊಂಡ ಹಾಳೆ ಇನ್ನೂ ಡ್ರಾಯರಿನಲ್ಲಿದೆ. ಗಾಡಿಗಳನ್ನು ನಿಲ್ಲಿಸಿಡಲು ಅಡಿಯಲ್ಲಿ ಒಂದು ಗುಪ್ತ ಯಾರ್ಡ್ ಇದ್ದರೆ ಒಳ್ಳೆಯದು ಅನ್ನುವವರ ಜೊತೆ ನನ್ನ ಜಗಳ ಇಲ್ಲ, ಅದು ಬೇರೆ ಮಾತು.

ಹೋದ ವಾರ ಅಪ್ಪ ಮತ್ತೆ ಬಂದಿದ್ದರು. ಗಾಡಿ ಪೂರ್ತಿ ಹತ್ತುವ ತನಕ ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ, ಕನ್ನಡಕ ಮೇಲಕ್ಕೆ ತಳ್ಳಿ, ಸಿರಿಬಾಗಿಲಿನ ಹತ್ತಿರದ ತಿರುವನ್ನು ನೋಡಿ, "ಕರ್ವಿನಲ್ಲಿ ಹೊರಗಿನ ಹಳಿ ಎತ್ತಿಲ್ವಲ್ಲೋ" ಅಂದರು. ನಿಧಾನದ ಗಾಡಿಗೆ ಜಾಸ್ತಿ ಎತ್ತಿದರೆ ಒಳಕ್ಕೆ ವಾಲುತ್ತೆ ಅಂತ ನಾನು, ಎಷ್ಟು ಎತ್ತಬೇಕೋ ಅಷ್ಟು ಎತ್ತು ಅಂತ ಅವರು. ಈಗ ಹಳೇ ಮದುವೆ ಕಾಗದಗಳನ್ನು ಸಣ್ಣ ಪಟ್ಟಿ ಮಾಡಿ ಹೊರಗಿನ ಹಳಿಯ ಕೆಳಗೆ ಒಂದೊಂದೇ ತೂರಿಸುತ್ತಾ ಇದ್ದೇನೆ. ನಾಲ್ಕು ಕಾರ್ಡು ಮುಗಿದಿದೆ, ಮೂರು ತಿರುವು ಬಾಕಿ ಇದೆ.