ಘಾತಾಂಕಕ್ಕೆ ಏಳು ನಿಯಮಗಳಿಲ್ಲ

ವಿಶಾಖಪಟ್ಟಣದ ಅಂಚಿನ ಮಧುರವಾಡದಲ್ಲಿ ಎಂಟನೇ ತರಗತಿ ಓದುವ ಹುಡುಗಿಗೂ ದಕ್ಷಿಣ ಕನ್ನಡದ ಮೂಡುಬಿದಿರೆಯ ಹುಡುಗನಿಗೂ ಮಾತಾಡಲು ಒಂದೇ ಭಾಷೆ ಇಲ್ಲದಿರಬಹುದು. ಗಣಿತದ ಪದ ಮಾತ್ರ ಒಂದೇ. ಕನ್ನಡದ ಘಾತಾಂಕ ತೆಲುಗಿನಲ್ಲೂ ಘಾತಾಂಕವೇ. ಅದನ್ನು ಕಲಿಸುವ ಕ್ರಮವೂ ಬಹುಮಟ್ಟಿಗೆ ಒಂದೇ ಆಗಿರುವುದು ದುರದೃಷ್ಟ. ಬೋರ್ಡಿನ ಮೇಲೆ ಒಂದು ಚೌಕ, ಅದರೊಳಗೆ ಏಳೋ ಎಂಟೋ ಸೂತ್ರ, ಮೇಲೆ ‘ನೆನಪಿಡಿ’ ಎಂಬ ಅಪ್ಪಣೆ. ಆಮೇಲೆ ಐವತ್ತು ಲೆಕ್ಕ.

ಈ ಚೌಕದ ಬಹುಪಾಲು ಅನಗತ್ಯ. 2³ ಎಂದರೆ ಮೂರು ಎರಡುಗಳನ್ನು ಗುಣಿಸಿ ಬಂದದ್ದು, 2⁴ ಎಂದರೆ ನಾಲ್ಕು ಎರಡುಗಳನ್ನು. ಎರಡನ್ನೂ ಗುಣಿಸಿದರೆ ಒಟ್ಟು ಏಳು ಎರಡುಗಳು, ಅಂದರೆ 128. ಇದು ನಿಯಮವಲ್ಲ, ಎಣಿಕೆ. (2³)⁴ ಎಂದರೆ ಸಾಲಿಗೆ ಮೂರು ಎರಡುಗಳಂತೆ ನಾಲ್ಕು ಸಾಲು, ಒಟ್ಟು ಹನ್ನೆರಡು. ಇದೂ ಎಣಿಕೆಯೇ. ಎಣಿಸುವುದನ್ನು ಬಿಡಿಸಿ ಸೂತ್ರ ಕೊಟ್ಟರೆ ಏನಾಗುತ್ತದೆ ಎಂಬುದು ಉತ್ತರಪತ್ರಿಕೆ ತಿದ್ದುವ ಎಲ್ಲರಿಗೂ ಗೊತ್ತು. ‘ಘಾತಾಂಕ ಕೂಡಿಸು’ ಎಂಬುದಷ್ಟೇ ನೆನಪಿರುವ ಮಗು, ಗುಣಾಕಾರ ಕಂಡಿತಲ್ಲ ಎಂದು ಆಧಾರಗಳನ್ನೂ ಗುಣಿಸಿ 4⁷ ಎಂದು ಬರೆಯುತ್ತದೆ. 128 ಬರಬೇಕಾದಲ್ಲಿ 16,384. ಎಲ್ಲಿ ಎಡವಿತು ಎಂದು ತಿಳಿಯಲು ಅದರ ಬಳಿ ಬೇರೆ ದಾರಿಯೇ ಇಲ್ಲ, ಏಕೆಂದರೆ ಸೂತ್ರದ ಹಿಂದೆ ಏನಿದೆ ಎಂದು ಯಾರೂ ತೋರಿಸಿಲ್ಲ.

‘ಪೋರ್ಷನ್ ಮುಗಿಸಬೇಕು, ಸಮಯವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಂಟರಲ್ಲಿ ಉಳಿಸಿದ ಆ ಎರಡು ಪಿರಿಯಡ್ಡನ್ನು ಒಂಬತ್ತರಲ್ಲೂ ಪಿಯುಸಿಯಲ್ಲೂ ಬಡ್ಡಿ ಸಮೇತ ತೀರಿಸುವವರು ಯಾರು?

ನಿಜವಾದ ತಕರಾರು ಸೊನ್ನೆಯ ಬಳಿ ಇದೆ. ಅಲ್ಲಿ ಒಳ್ಳೆಯ ಮೇಷ್ಟ್ರುಗಳೂ ಸ್ವಲ್ಪ ಜಾರುತ್ತಾರೆ. 3⁰ ಏಕೆ 1 ಎಂದು ಮಗು ಕೇಳಿದರೆ, 3⁵ ಅನ್ನು 3⁵ ರಿಂದ ಭಾಗಿಸಿ, ಘಾತಾಂಕ ಕಳೆದು, ‘ನೋಡು, ಸಾಬೀತಾಯಿತು’ ಎನ್ನುತ್ತಾರೆ. ಆಗಲಿಲ್ಲ. ಕಳೆಯುವ ನಿಯಮ ಹುಟ್ಟಿದ್ದು ಮೇಲಿನ ಮೂರುಗಳು ಕೆಳಗಿನವಕ್ಕಿಂತ ಹೆಚ್ಚಿರುವಾಗ, ಹೊಡೆದುಹಾಕಿ ಉಳಿದವನ್ನು ಎಣಿಸಿ. ಒಂದೂ ಉಳಿಯದ ಕಡೆಗೂ ಅದು ಸಲ್ಲುತ್ತದೆ ಎಂದು ಯಾರು ಹೇಳಿದರು? ‘ಸೊನ್ನೆ ಸಲ ಮೂರನ್ನು ಗುಣಿಸು’ ಎಂಬ ಮಾತಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅದಕ್ಕೆ ಅರ್ಥ ಕೊಟ್ಟವರು ಮನುಷ್ಯರು. ಕೂಡುವ ಕಳೆಯುವ ಲೆಕ್ಕ ಮುರಿಯದೆ ಮುಂದುವರಿಯಬೇಕಾದರೆ 1 ಬಿಟ್ಟು ಬೇರೆ ಯಾವುದೂ ಹೊಂದುವುದಿಲ್ಲವೆಂದು ಅದನ್ನೇ ಆರಿಸಿಕೊಂಡರು. ಋಣ ಘಾತಾಂಕಕ್ಕೂ ಭಿನ್ನ ಘಾತಾಂಕಕ್ಕೂ ಅರ್ಥ ಬಂದದ್ದು ಹೀಗೆಯೇ. ಇದು ಸಾಬೀತಲ್ಲ, ಕಾರಣವಿರುವ ಒಪ್ಪಂದ. ಹದಿಮೂರು ವರ್ಷದ ಮಗುವಿಗೆ ಇದು ಅರ್ಥವಾಗದು ಎನ್ನುವವರು ಮಕ್ಕಳು ಗಲ್ಲಿ ಕ್ರಿಕೆಟ್ಟಿಗೆ ಎಷ್ಟು ಒಪ್ಪಂದ ಮಾಡಿಕೊಳ್ಳುತ್ತಾರೆಂದು ನೋಡಿಲ್ಲ.

ಇದನ್ನು ತೋರಿಸಲು ಸುಲಭವಾದ ದಾರಿಯೊಂದಿದೆ. ಅದರ ಸುಳಿವಿರುವುದು ಆ ಹುಡುಗನ ಊರಿನಲ್ಲೇ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿ ಬರೆದ ಧವಲಾ ಟೀಕೆಯ ತಾಳೆಗರಿಗಳು, ಪ್ರಾಕೃತ ಸಂಸ್ಕೃತಗಳನ್ನು ಹಳಗನ್ನಡ ಲಿಪಿಯಲ್ಲಿ ಹೊತ್ತು, ಉಳಿದು ಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ. ಅದರಲ್ಲಿ ‘ಅರ್ಧಚ್ಛೇದ’ ಎಂಬ ಪರಿಕಲ್ಪನೆ ಇದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳನ್ನು ಕೂಡಬೇಕು, ಭಾಗಿಸಿದರೆ ಕಳೆಯಬೇಕು ಎಂಬುದೂ ಇದೆ. ಮೂರು ಭಾಗ ಮಾಡುವ ತ್ರಿಕಚ್ಛೇದವೂ ಇದೆ. ಇಂದು ಅದೇ ಊರಿನ ಪಿಯು ಕಾಲೇಜುಗಳಿಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಈ ಪದ ಕಿವಿಗೆ ಬಿದ್ದಿದೆ? ಎಲ್ಲವೂ ಪುರಾತನರಿಗೆ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವವರೂ ಇದನ್ನು ಒಂದು ಪಿರಿಯಡ್ಡಿನ ಪಾಠ ಮಾಡಲು ಕೂತಂತೆ ಕಾಣುವುದಿಲ್ಲ.

ಪಾಠಕ್ಕೆ ಬೇಕಾದದ್ದು ಸೀಮೆಸುಣ್ಣ ಮಾತ್ರ. 32 ಅನ್ನು ಅರ್ಧಿಸುತ್ತ ಹೋಗಲಿ: 16, 8, 4, 2, 1. ಐದು ಸಲ. 8 ಅನ್ನು ಮೂರು ಸಲ. ಗುಣಿಸಿದರೆ 256, ಅದನ್ನು ಎಂಟು ಸಲ. ಕೂಡುವ ನಿಯಮವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಈಗ ಕೇಳಬೇಕು: 1 ತಲುಪಲು 1 ಅನ್ನು ಎಷ್ಟು ಸಲ ಅರ್ಧಿಸಬೇಕು? ಒಂದು ಸಲವೂ ಬೇಡ. 2⁰ ಏಕೆ 1 ಎಂದು ಆರಿಸಿಕೊಂಡರೆಂಬುದು ಅಲ್ಲೇ ಕಾಣುತ್ತದೆ. ಅರ್ಧದಿಂದ 1 ತಲುಪಬೇಕೆಂದರೆ? ಹಿಂದಕ್ಕೆ ಹೋಗಿ ಒಂದು ಸಲ ದುಪ್ಪಟ್ಟು ಮಾಡಬೇಕು, ಅದೇ ಋಣ ಒಂದು.

ಅಷ್ಟರಲ್ಲಿ ಮಧುರವಾಡದ ಹುಡುಗಿಯಂಥವಳೊಬ್ಬಳು ಕೇಳಿಯೇ ಕೇಳುತ್ತಾಳೆ: ಹಾಗಾದರೆ 3 ಅನ್ನು ಎಷ್ಟು ಸಲ? ಒಂದು ಸಲಕ್ಕೆ ಒಂದೂವರೆ ಉಳಿಯುತ್ತದೆ, ಎರಡು ಸಲಕ್ಕೆ ಮುಕ್ಕಾಲಾಗಿ 1 ದಾಟಿಹೋಗುತ್ತದೆ. ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ಅದು ಲಾಗರಿದಮ್ಮಿನ ಪ್ರಶ್ನೆ. ಅದಕ್ಕೂ ಬೇರೆ ಚೌಕವೊಂದು ಮುಂದಿನ ತರಗತಿಗಳಲ್ಲಿ ಕಾದಿದೆ.